ಅಡಿಗಿಮನಿ ಮಾರಿ

ಹೆಂಡತಿ ತವರಿಗೆ ಹೋದರೆ ಗಂಡಸಿಗೆ ಮೊದಲ ಎರಡು ದಿನ ಹಬ್ಬ, ಮೂರನೆಯ ದಿನ ಹೊಟ್ಟೆನೋವು. ಆಮೇಲೆ ಶುರುವಾಗುವುದಕ್ಕೆ ಯಾರೂ ಹೆಸರಿಟ್ಟಿಲ್ಲ. ಶ್ರೀಪತಿ ಆ ಹೆಸರಿಲ್ಲದ್ದರೊಳಗೆ ಬಿದ್ದು ತಿಂಗಳು ದಾಟಿತ್ತು.

ನೀರಜಾ ಹೋದದ್ದು ಕಂಪ್ಲಿಗೆ, ಅಣ್ಣ ಪ್ರಭಂಜನನ ಮನೆಗೆ. ಅತ್ತಿಗೆ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಾಳೆ, ಎಂಟು ದಿನ ಇದ್ದು ಬರುತ್ತೇನೆ ಎಂದು ಹೇಳಿಯೇ ಹೋಗಿದ್ದಳು. ಅತ್ತಿಗೆಯ ಕಾಲು ಸರಿಹೋಯಿತು, ಆಕೆ ತಾನೇ ನಡೆದು ರಾಯರ ಮಠಕ್ಕೆ ಹೋಗಿಬಂದಳು ಎಂಬ ಸುದ್ದಿಯೂ ಬಂತು. ನೀರಜಾ ಮಾತ್ರ ಬರಲಿಲ್ಲ. ಫೋನು ಮಾಡಿದರೆ “ಊಟ ಆತೇನ್ರೀ?” ಎನ್ನುತ್ತಿದ್ದಳು. ಆಯಿತು ಎಂದರೆ “ಹೂಂ” ಎನ್ನುತ್ತಿದ್ದಳು. ಯಾವಾಗ ಬರುತ್ತೀ ಎಂಬ ಮಾತು ಶ್ರೀಪತಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಕರೆಯದೆ ಇದ್ದರೆ ಹೆಂಡತಿ ಇನ್ನೂ ಬಂದಿಲ್ಲ, ಅಷ್ಟೇ. ಕರೆದ ಮೇಲೂ ಬರದಿದ್ದರೆ ಬಿಟ್ಟುಹೋದ ಹಾಗೆ. ಈ ಎರಡರ ನಡುವಿನ ಅಂತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವನು ಕರೆಯಲಿಲ್ಲ.

ಯಾಕೆ ಬರುತ್ತಿಲ್ಲ ಎನ್ನುವುದೂ ತನಗೆ ಗೊತ್ತು ಎಂದೇ ಅವನು ತಿಳಿದಿದ್ದ. ಅದಕ್ಕೆ ಕಾರಣ ಪಕ್ಕದ ಮನೆಯ ಜಡೆಪ್ಪ.

ಜಡೆಪ್ಪನಿಗೆ ಅದಿರಿನ ಲಾರಿಗಳಿದ್ದವು. ಆಗ ಸಂಡೂರಿನ ಗುಡ್ಡದಿಂದ ಇಳಿದ ಕೆಂಪು ಮಣ್ಣು ಚೀನಾಕ್ಕೆ ಹೋಗಿ ದುಡ್ಡಾಗಿ ತಿರುಗಿ ಬರುತ್ತಿದ್ದ ಕಾಲ. ಹೊಸಪೇಟೆಯಲ್ಲಿ ನಿನ್ನೆ ಸೈಕಲ್ಲಿನಲ್ಲಿ ಕಂಡವನು ಇವತ್ತು ಕಾರಿನ ಗಾಜು ಇಳಿಸಿ ನಮಸ್ಕಾರ ಹೇಳುತ್ತಿದ್ದ. ಜಡೆಪ್ಪ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಎರಡು ಅಂತಸ್ತು ಎಬ್ಬಿಸಿದ. ಗೃಹಪ್ರವೇಶಕ್ಕೆ ಬಂದವರನ್ನು ಅವನ ಹೆಂಡತಿ ಕೊಟ್ರಮ್ಮ ದೇವರ ಮನೆಗೆ ಕರೆದುಕೊಂಡು ಹೋಗುವ ಮೊದಲು ಅಡುಗೆಮನೆಗೆ ಕರೆದುಕೊಂಡು ಹೋದಳು.

“ನೀರಜಕ್ಕ, ಸುಮ್ಮ ಕೈ ಬಿಡ್ರಿ, ಡ್ರಾಯರ್ ತಾನಾ ಮುಚ್ಕೋತೈತಿ! ಬೆಂಗಳೂರಿಂದ ಬಂದು ಕುಂದ್ರಿಸಿ ಹೋದ್ರು. ಮಾಡ್ಯುಲರ್ ಅಂತಾರಂತ್ರಿ ಇದಕ್ಕ.”

ಹೆಂಗಸರೆಲ್ಲ ಎಳೆದು ಬಿಟ್ಟು ನೋಡಿದರು. ನೀರಜಾ ಡ್ರಾಯರ್ ಮುಟ್ಟಲಿಲ್ಲ. ಕಟ್ಟೆಯ ಮುಂದೆ ಹೋಗಿ, ಕರಿಯ ಕಲ್ಲಿನ ಮೇಲೆ ಎರಡೂ ಅಂಗೈ ಊರಿ ನಿಂತಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿ, “ನಮ್ಮನ್ಯಾಗೂ ಅಡಿಗಿಮನಿ ಬದಲಿ ಮಾಡ್ಸೋಣಲ್ರೀ” ಎಂದಳು.

ಶ್ರೀಪತಿಗೆ ಸಮಯಕ್ಕೆ ಸರಿಯಾಗಿ ಮಾತು ಹೊಳೆಯುತ್ತದೆ ಎಂದು ಓಣಿಯಲ್ಲೆಲ್ಲ ಹೆಸರು. ಅವತ್ತೂ ಹೊಳೆಯಿತು.

“ರುಚಿ ಕೈಯಾಗ ಇರ್ತದ, ಕಪಾಟಿನ್ಯಾಗಲ್ಲ. ಬದಲಿ ಮಾಡ್ಸೋದಾದ್ರ ಮೊದ್ಲು ಕೈ ಬದಲಿ ಮಾಡ್ಸು!”

ನೆರೆದವರು ಗೊಳ್ಳೆಂದು ನಕ್ಕರು. ಜಡೆಪ್ಪ ತೊಡೆ ತಟ್ಟಿಕೊಂಡು, “ಆಚಾರ್ರು ಹೊಡದ್ರು ನೋಡ್ರಲೇ ಸಿಕ್ಸರ್!” ಎಂದ. ನೀರಜಾ ಕೂಡ ನಕ್ಕಳು. ಅದಾದ ವಾರಕ್ಕೆ ಅತ್ತಿಗೆ ಬಚ್ಚಲಲ್ಲಿ ಜಾರಿದಳು.

ಶ್ರೀಪತಿಗೆ ಸಂಡೂರು ರಸ್ತೆಯ ವೇಬ್ರಿಡ್ಜಿನಲ್ಲಿ ಕೆಲಸ. ಅದಿರು ತುಂಬಿದ ಲಾರಿ ತೂಕದ ಕಟ್ಟೆಯ ಮೇಲೆ ಬಂದು ನಿಲ್ಲುವುದು, ಅವನು ಗಾಜಿನ ಕಿಟಕಿಯ ಹಿಂದೆ ಕೂತು ಚೀಟಿ ಹರಿದು ಕೊಡುವುದು. ಇಡೀ ದಿನ ನೂರಾರು ಜನರ ಮುಖ ಕಾಣುತ್ತಿತ್ತು, ಒಬ್ಬನೂ ಚೀಟಿ ಇಸಿದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅಲ್ಲಿಂದ ಮನೆಗೆ ಬಂದರೆ ಬಾಗಿಲಿಗೆ ಬೀಗ. ಬೀಗ ತೆಗೆದು ಒಳಗೆ ಕಾಲಿಟ್ಟರೆ ತಾನು ಬೆಳಿಗ್ಗೆ ಎಲ್ಲಿಟ್ಟಿದ್ದನೋ ಅಲ್ಲೇ ಇರುವ ಲೋಟ. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದರೆ ಇಷ್ಟೇ ಅರ್ಥವಿರಬೇಕು, ಇಟ್ಟ ಲೋಟ ಇಟ್ಟಲ್ಲಿ ಇರುವುದಿಲ್ಲ. ಮಕ್ಕಳಿರಲಿಲ್ಲ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಾತು ಹೊಳೆಯುವ ಬಾಯಿ ಅವನದು, ಆದರೆ ಕೇಳುವವರು ಇಲ್ಲದಿದ್ದರೆ ಅದೂ ಹೋಟೆಲಿನ ಮುಚ್ಚಿದ ಶಟರಿನ ಹಾಗೆ.

ಅಡುಗೆ ಅವನೇ ಮಾಡಿಕೊಳ್ಳುತ್ತಿದ್ದ. ಅನ್ನ, ತೊವ್ವೆ, ಒಂದೊಂದು ದಿನ ಸಾರು. ಅದೇನು ಕಷ್ಟವಾಗಲಿಲ್ಲ. ಕಟ್ಟೆ ಮಾತ್ರ ತೀರ ತಗ್ಗಾಗಿತ್ತು. ಅವನ ತಾಯಿ ಹುಟ್ಟಿದಾಗಿನಿಂದ ಮಣೆಯ ಮೇಲೆ ಕೂತು ಒಲೆ ಉರಿಸಿದವಳು. ಮನೆಗೆ ಗ್ಯಾಸು ಬಂದಾಗ ನಿಂತು ಅಡುಗೆ ಮಾಡುವುದು ಆಕೆಗೆ ಸರಿಕಾಣಲಿಲ್ಲ. ಸ್ಟೂಲಿನ ಮೇಲೆ ಕೂತರೂ ಕೈಗೆ ಎಟುಕುವ ಹಾಗೆ ಕಟ್ಟೆ ಕಟ್ಟಿಸಿ, ಅದರ ಕೆಳಗೆ ಸಾಗವಾನಿಯ ಕಪಾಟು ಮಾಡಿಸಿದ್ದಳು. ಒಂದು ವಾರ ಅದರ ಮುಂದೆ ಬಗ್ಗಿ ನಿಂತು ಬೇಯಿಸಿದ ಮೇಲೆ ಶ್ರೀಪತಿಗೆ ಸೊಂಟ ಹಿಡಿದುಕೊಂಡಿತು. ಅವನು ಹಿತ್ತಲಿಗೆ ಹೋಗಿ ಇಟ್ಟಿಗೆ ತಂದು ಗ್ಯಾಸಿನ ಒಲೆಯ ಕಾಲುಗಳ ಕೆಳಗೆ ಇಟ್ಟ. ಒಲೆ ಎತ್ತರವಾಯಿತು, ಸೊಂಟ ನೆಟ್ಟಗಾಯಿತು. ಬುದ್ಧಿ ಇದ್ದವನಿಗೆ ಎಷ್ಟು ಹೊತ್ತಿನ ಕೆಲಸ ಎಂದು ಅವನಿಗೆ ತನ್ನ ಮೇಲೆಯೇ ಪ್ರೀತಿ ಬಂತು.

ಹಾಗೆ ಒಂದು ದಿನ ಒಲೆಯ ಮುಂದೆ ನಿಂತಿದ್ದಾಗಲೇ ಕಪಾಟಿನ ಮೇಲೆ ಕಣ್ಣು ಬಿತ್ತು. ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದ ಬಾಗಿಲು ನೀರು ಕುಡಿದು ಉಬ್ಬಿತ್ತು. ಹಿಡಿಕೆಗಳಿಗೆ ತುಕ್ಕು. ಲಾರಿಗಳ ಕೆಂಪು ಧೂಳು ಮರದ ಗೆರೆಗೆರೆಗಳಲ್ಲಿ ಇಳಿದು, ಎಷ್ಟು ಒರೆಸಿದರೂ ಹೋಗದೆ, ಇಡೀ ಕಪಾಟು ಅರಿಶಿನ ಕುಂಕುಮ ಮೆತ್ತಿದ ಹುತ್ತದ ಹಾಗೆ ಕಾಣುತ್ತಿತ್ತು. ಜಡೆಪ್ಪನ ಮನೆಯ ಹೊಳಪು ನೋಡಿ ಬಂದವಳಿಗೆ ಇದನ್ನು ನೋಡಿದರೆ ಬೇಸರವಾಗದೆ ಇರುತ್ತದೆಯೇ ಎಂದುಕೊಂಡ. ಆದರೆ ಕೆಟ್ಟಿರುವುದು ಬಾಗಿಲು, ಕಪಾಟಲ್ಲ. ಅಂಗಿಯ ಗುಂಡಿ ಹೋಯಿತೆಂದು ಯಾರಾದರೂ ಅಂಗಿ ಎಸೆಯುತ್ತಾರೆಯೇ?

ಹೀಗೆ ಓಬಳೇಶ ಮನೆಗೆ ಬಂದ.

ಓಬಳೇಶ ಕಂಪ್ಲಿಯ ಆಚೆ ಎಮ್ಮಿಗನೂರಿನವನು. ವಡ್ಡು ಊರಿನ ಕಡೆ ಕಾರ್ಖಾನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆ ಹೊಡೆದು, ಆ ಕೆಲಸ ತೀರಿದ ಮೇಲೆ ಹೊಸಪೇಟೆಯಲ್ಲಿ ಬಡಗಿ ಕೆಲಸ ಹಿಡಿದವನು. ಮಾತು ಹೆಚ್ಚು, ಕೆಲಸವೂ ಕಡಿಮೆಯಿಲ್ಲ. ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಳಗೆ ತಲೆ ಹಾಕಿ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ನೋಡಿದ.

“ಆಚಾರ್ರ, ಊರಾಗ ಎಲ್ಲಾರೂ ಕಿತ್ತು ಒಗಿ ಅನ್ನಾರ. ನೀವೇನಂತೀರಿ?”

“ನೀ ಏನಂತೀ ಹೇಳು.”

“ಸಾಗವಾನಿ ಐತ್ರಿ. ಒಳಗಿನ ಡಬ್ಬಿ ಕಲ್ಲಿನಂಗ ಐತಿ. ಹೋಗಿರೋದು ಮಾರಿ ಅಷ್ಟ.”

“ನಾನೂ ಅದನ್ನೇ ಅನ್ನೋದು. ಮೈ ಹಂಗ ಇರ್ಲಿ, ಮಾರಿ ಬದಲಿ ಮಾಡು.”

“ಮಾರಿ ಹಾಕ್ತೀನಿ ಬಿಡ್ರಿ. ಮದಿವಿ ಹುಡುಗಿ ಕಂಡಂಗ ಕಾಣಬೇಕು!”

ಈ ಕಡೆಯ ಮಾತಿನಲ್ಲಿ ಮಾರಿ ಎಂದರೆ ಮುಖ. ಕಪಾಟಿನ ಒಡಲನ್ನು ಹಾಗೇ ಬಿಟ್ಟು ಹೊರಗೆ ಕಾಣುವುದನ್ನಷ್ಟೇ ಹೊಸದು ಮಾಡುವ ಕೆಲಸಕ್ಕೆ ಬೇರೆ ಹೆಸರೇನಿದೆಯೋ, ಓಬಳೇಶ ಮಾತ್ರ ಅದಕ್ಕೆ ಮಾರಿ ಹಾಕುವುದು ಎನ್ನುತ್ತಿದ್ದ. ಅವನ ಬಾಯಿಂದ ಕೇಳಿ ಕೇಳಿ ಶ್ರೀಪತಿಯೂ ಹಾಗೇ ಅನ್ನತೊಡಗಿದ.

ಕೆಲಸ ಶುರುವಾಯಿತು. ಹಳೆಯ ಬಾಗಿಲುಗಳು ಕಳಚಿ ಅಂಗಳಕ್ಕೆ ಬಂದವು. ಚೌಕಟ್ಟಿನ ಅಂಚುಗಳನ್ನು ಓಬಳೇಶ ಉಜ್ಜುಗೊರಡಿನಲ್ಲಿ ಸವರಿ, ಕೆಂಪು ಧೂಳಿನ ಕೆಳಗೆ ಹಳದಿ ಮರ ಕಾಣಿಸಿದ. ಅದರ ಮೇಲೆ ತೆಳುವಾದ ಹೊಸ ಪಟ್ಟಿ ಅಂಟಿಸಿದ. ಹೊಸ ಪ್ಲೈವುಡ್ಡಿನ ಬಾಗಿಲು ಕೊಯ್ದು, ಕೆನೆ ಬಣ್ಣದ ಸನ್‌ಮೈಕಕ್ಕೆ ಅಂಟು ಬಳಿದು ಕೂಡಿಸಿ, ಮೇಲೆ ರುಬ್ಬುಗುಂಡು ಹೇರಿಟ್ಟ. ಶ್ರೀಪತಿ ಮಧ್ಯಾಹ್ನದ ಪಾಳಿ ಕೇಳಿ ಹಾಕಿಸಿಕೊಂಡು, ಬೆಳಗಿನ ಹೊತ್ತೆಲ್ಲ ಮನೆಯಲ್ಲೇ ಇದ್ದ. ಸುತ್ತಿಗೆಯ ಸದ್ದು ಮನೆಯಲ್ಲಿ ಓಡಾಡುತ್ತಿದ್ದರೆ ಅವನಿಗೆ ಹಸಿವಾಗುತ್ತಿತ್ತು. ಎರಡೆರಡು ಸಲ ಕಾಫಿ ಕಾಸುತ್ತಿದ್ದ. ಓಬಳೇಶ ಸಾಮಾನು ಕಟ್ಟಿಕೊಳ್ಳುವ ಹೊತ್ತಿಗೆ ಯಾವುದಾದರೊಂದು ಬಾಗಿಲ ಮುಂದೆ ನಿಂತು, “ಇದು ಯಾಕೋ ಒಂದು ಕೂದಲೆಳಿ ಸೊಟ್ಟ ಅನಸ್ತದಲ್ಲಾ?” ಎನ್ನುತ್ತಿದ್ದ.

“ನಿಮ್ಮ ಕಣ್ಣು ಸೊಟ್ಟ ಐತ್ರಿ ಆಚಾರ್ರ” ಎಂದು ನಗುತ್ತಿದ್ದ ಓಬಳೇಶ. ಆದರೂ ಮತ್ತೆ ಕೂತು, ಸರಿಯಿದ್ದ ಸ್ಕ್ರೂ ಬಿಚ್ಚಿ ಮತ್ತೆ ಹಾಕುತ್ತಿದ್ದ. ತನ್ನನ್ನು ಇನ್ನಷ್ಟು ಹೊತ್ತು ನಿಲ್ಲಿಸಿಕೊಳ್ಳುವ ನೆಪ ಅದೆಂದು ಅವನಿಗೆ ತಿಳಿಯದ್ದೇನಲ್ಲ.

ಕೆಲಸ ಮುಕ್ಕಾಲು ಮುಗಿದಾಗ ಓಬಳೇಶ ಊರಿಗೆ ಹೋಗಿಬರುತ್ತೇನೆಂದ. ಶ್ರೀಪತಿ ಒಳಗೆ ಹೋಗಿ, ನೀರಜಾ ಮರೆತು ಬಿಟ್ಟುಹೋಗಿದ್ದ ಚಾಳೀಸಿನ ಕನ್ನಡಕ ತಂದು ಅವನ ಕೈಗೆ ಕೊಟ್ಟ.

“ಕಂಪ್ಲಿ ಮ್ಯಾಲೇ ಹೋಗ್ತೀಯಲ್ಲ, ನಮ್ಮ ಭಾವನ ಮನಿಗೆ ಇದನ್ನ ಕೊಟ್ಟು ಹೋಗು. ಬಸ್‌ಸ್ಟ್ಯಾಂಡಿನಿಂದ ದೂರ ಇಲ್ಲ.”

“ಕೊಡ್ತೀನ್ರಿ. ಅಮ್ಮಾರಿಗೆ ಏನರ ಹೇಳ್ಬೇಕೇನ್ರಿ?”

“ಏನೂ ಹೇಳಬ್ಯಾಡ. ಇಲ್ಲಿ ಏನ್ ಕೆಲಸ ನಡದದ ಅಂತ ಆಕಿ ಕೇಳಿದ್ರಷ್ಟೇ ಹೇಳು.” ಒಂದು ಗಳಿಗೆ ಬಿಟ್ಟು, “ಕೇಳ್ಲಿಲ್ಲ ಅಂದ್ರೂ ಹೇಳು” ಎಂದ.

ತಾನು ಕರೆದ ಹಾಗೂ ಆಗಬಾರದು, ಸುದ್ದಿ ಅವಳ ಕಿವಿಗೂ ಬೀಳಬೇಕು. ಬಾವಿಗೆ ಹಗ್ಗ ಬಿಟ್ಟು, ಕೊಡ ತಾನಾಗಿಯೇ ಮೇಲೆ ಬರಲಿ ಎಂದು ಕಾಯುವವನ ಹಾಗೆ ಅವನು ಕಾದ.

ಕೊಡ ಬಂದೇ ಬಂತು.

ಓಬಳೇಶ ಊರಿಂದ ಮರಳಿ ಕೆಲಸಕ್ಕೆ ಕೂತ ಬೆಳಿಗ್ಗೆಯೇ ಮನೆ ಮುಂದೆ ಆಟೊ ನಿಂತಿತು. ಶ್ರೀಪತಿ ಕಾಫಿ ಸೋಸುತ್ತಿದ್ದವನು ಹೊರಗೆ ಬಂದ. ನೀರಜಾ ಇಳಿಯುತ್ತಿದ್ದಳು. ಹೋಗುವಾಗ ಒಯ್ದಿದ್ದ ಎರಡೂ ಚೀಲಗಳು ಅವಳ ಜೊತೆಗಿದ್ದವು. ಒಂದು ಚೀಲವಲ್ಲ, ಎರಡೂ! ಅವಳು ಬಾಗಿಲಲ್ಲಿ ನಿಂತು ನಕ್ಕಳು. ಎಷ್ಟೋ ವರ್ಷಗಳಿಂದ ಆ ನಗು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅದು ಹೋಗಿದೆ ಎಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ, ಈಗ ಮರಳಿ ಬಂದಾಗಲೇ ಗೊತ್ತಾಯಿತು.

“ಒಂದು ಮಾತೂ ಹೇಳ್ಲಿಲ್ಲಲ್ರೀ ನೀವು!”

“ಏನು ಹೇಳೋದದ ಅದ್ರಾಗ” ಎಂದ ಶ್ರೀಪತಿ. ಮುಖದ ಮೇಲಿನ ಸಂತೋಷ ಮುಚ್ಚಿಕೊಳ್ಳಲು ಅವಳ ಕೈಯಿಂದ ಚೀಲಗಳನ್ನು ಇಸಿದುಕೊಂಡ.

“ಓಬಳೇಶ ಬಂದು ಹೇಳಿದ್ಮ್ಯಾಲೆ ನಂಗ ನಂಬಿಕಿನೇ ಬರ್ಲಿಲ್ಲ. ಅಣ್ಣ ಅಂದ, ಶ್ರೀಪತಿ ಅಂಥಾ ಕೆಲಸ ಮಾಡೋ ಮನುಷ್ಯನೇ ಅಲ್ಲ, ಅವ್ರಮ್ಮ ಮಾಡ್ಸಿಟ್ಟದ್ದು ಅದು ಅಂತ. ನಾ ಅಂದೆ, ಮಾಡ್ಯಾರ ನೋಡು, ಮನುಷ್ಯಾ ಬದಲಾಗಲೇಬಾರದೇನು ಅಂತ.”

“ಬದಲಾಗಬೇಕು, ಬದಲಾಗಬೇಕು.”

“ಯಾರು ತಗೊಂಡ್ರು?”

“ಏನು?”

“ಕಪಾಟ ರೀ. ಯಾರಿಗೆ ಮಾರಿದ್ರಿ?”

ಅಷ್ಟು ಹೊತ್ತಿಗೆ ಅವಳು ಅಡುಗೆಮನೆಯ ಹೊಸ್ತಿಲು ದಾಟಿದ್ದಳು. ಕಪಾಟು ಅಲ್ಲೇ ಇತ್ತು. ಕೆನೆ ಬಣ್ಣದ ಬಾಗಿಲು, ಹೊಳೆಯುವ ಹಿಡಿಕೆ, ಅಂಟಿನ ವಾಸನೆ. ಓಬಳೇಶ ಕೊನೆಯ ಬಾಗಿಲಿಗೆ ಕೀಲು ಕೂರಿಸುತ್ತಿದ್ದವನು ಎದ್ದು ನಿಂತ.

“ಮಾರಿದ್ದಾ? ನಾ ಯಾಕ ಮಾರ್ಲಿ?” ಎಂದ ಶ್ರೀಪತಿ.

“ಈತನೇ ಹೇಳಿದ್ನಲ್ರೀ! ಆಚಾರ್ರು ಅಡಿಗಿಮನಿ ಕಪಾಟೆಲ್ಲಾ ಮಾರಿ ಹಾಕಾಕ ಹಚ್ಯಾರ ಅಂತ…”

ಓಬಳೇಶ ಹಣೆ ಚಚ್ಚಿಕೊಂಡ. “ಅಯ್ಯ ಅಮ್ಮಾರ! ಮಾರಿ ಹಾಕೋದ್ರಿ, ಮಾರಿ!” ಎಂದು ತನ್ನ ಎರಡೂ ಕೆನ್ನೆಗಳನ್ನು ಪಟಪಟ ಬಡಿದು ತೋರಿಸಿದ. “ಇದು, ಈ ಮಾರಿ! ಮಾರೋದಲ್ರಿ! ಹೊಸಾ ಮಾರಿ ಹಾಕಾಕತ್ತೀನಿ ಅಂತ ಹೇಳಿದ್ನ್ರೀ ನಾ!”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಶ್ರೀಪತಿಗೂ ನಗು ತಡೆಯಲಾಗಲಿಲ್ಲ. ಊರಲ್ಲಿ ಎಲ್ಲರೂ ಹೊಲ, ಮನೆ, ಸೈಟು ಮಾರಿ ಹಾಕುತ್ತಿದ್ದ ಕಾಲದಲ್ಲಿ ಆ ಮಾತನ್ನು ಬೇರೆ ಯಾವ ಅರ್ಥದಲ್ಲಿ ತಾನೇ ಕೇಳಿಸಿಕೊಂಡಾಳು! ಕಡೆಗೆ ನೀರಜಾ ಕೂಡ ನಕ್ಕಳು. ಆದರೆ ಅದು ಬಾಗಿಲಲ್ಲಿ ನಿಂತು ನಕ್ಕ ನಗುವಲ್ಲ, ಜಡೆಪ್ಪನ ಮನೆಯಲ್ಲಿ ನಕ್ಕದ್ದು. ಎರಡು ನಗುವಿನ ನಡುವೆ ಎರಡು ನಿಮಿಷವೂ ಆಗಿರಲಿಲ್ಲವಾದ್ದರಿಂದ ಶ್ರೀಪತಿಗೆ ಮೊದಲ ಸಲ ವ್ಯತ್ಯಾಸ ತಿಳಿಯಿತು. ಅವನ ನಗು ನಿಂತಿತು.

“ಚೊಲೊ ಆಗ್ಯಾವ ಬಾಗಲಾ” ಎಂದಳು ನೀರಜಾ. ಒಂದು ಬಾಗಿಲು ತೆರೆದು ನೋಡಿದಳು. ಒಳಗೆ ಅತ್ತೆಯ ಕಾಲದ ಅದೇ ಕತ್ತಲೆ, ಅದೇ ಹಲಗೆ, ಮೂಲೆಯಲ್ಲಿ ಅದೇ ಎಣ್ಣೆಯ ಕಲೆ. ಮುಚ್ಚಿದಳು.

“ಜಡೆಪ್ಪನ ಮನ್ಯಾಗ ಇದಕ್ಕಿಂತ ಹೊಳಪು ಇಲ್ಲ ನೋಡು” ಎಂದ ಶ್ರೀಪತಿ. ತನ್ನ ದನಿಯಲ್ಲಿ ಬೇಡಿಕೆ ಇದ್ದದ್ದು ಅವನಿಗೇ ಕೇಳಿಸಿತು.

“ಹೊಳಪು ಯಾರು ಕೇಳಿದ್ರು?” ಎಂದಳು ಅವಳು. ಬಯ್ಯುವ ದನಿಯಲ್ಲಲ್ಲ, ದಾರಿ ಕೇಳಿದವರಿಗೆ ಹೇಳುವ ದನಿಯಲ್ಲಿ. ಅಷ್ಟರಲ್ಲಿ ಅವಳ ಕಣ್ಣು ಒಲೆಯ ಮೇಲೆ ಬಿತ್ತು.

“ಇವೇನಿವು, ಇಟ್ಟಂಗಿ?”

“ಅವಾ? ಕಟ್ಟಿ ಭಾಳ ತಗ್ಗದ ಅಲ್ಲಾ. ಬಗ್ಗಿ ಬಗ್ಗಿ ನಡಾ ನೋಯ್ಲಿಕ್ಕೆ ಹತ್ತಿತ್ತು. ಎತ್ತರಿಸಿಬಿಟ್ಟೆ.” ಈ ಒಂದು ವಿಷಯದಲ್ಲಾದರೂ ಮೆಚ್ಚುಗೆ ಸಿಕ್ಕೀತೆಂದು ಅವನು ಮುಂದುವರಿಸಿದ. “ಈಗ ಏನೂ ತ್ರಾಸಿಲ್ಲ ನೋಡು.”

“ಎಷ್ಟ್ ದಿನಕ್ಕ ನೋವು ಬಂತು?”

“ವಾರ ಆಗಿರ್ಬೇಕು.”

ನೀರಜಾ ಇಟ್ಟಿಗೆಯ ಮೇಲೆ ಬೆರಳಿಟ್ಟು, ಅದರ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಓಬಳೇಶ ನಗುವುದನ್ನು ಯಾವಾಗಲೋ ನಿಲ್ಲಿಸಿ, ಬೀಡಿ ಸೇದುವ ನೆಪದಲ್ಲಿ ಹಿತ್ತಲಿಗೆ ಹೋದ.

“ನಾನೂ ಒಂದ್ಸಲ ಇಟ್ಟಿದ್ದೆ, ನೆನಪದ ಏನು ನಿಮಗ?”

ಅವನಿಗೆ ನೆನಪಿರಲಿಲ್ಲ.

“ಮದುವ್ಯಾದ ವರ್ಷ. ಹಿಂಗ ಇಟ್ಟಂಗಿ ತಂದಿಟ್ಟಿದ್ದೆ. ಬೀದ್ಯಾಗ ಯಾರ್ಯಾರೋ ತುಳದ ಇಟ್ಟಂಗಿ, ಮಡಿ ಒಲಿಗೆ ತಂದು ತಾಗ್ಸ್ಯಾಳ ಅಂತ ಅತ್ತಿಯವ್ರು ಅವತ್ತು ಊಟಾ ಮಾಡ್ಲಿಲ್ಲ. ಅವ್ನ್ನ ತಗದು ಹಿತ್ತಲಕ್ಕ ಒಗದವರು ನೀವ ರೀ.”

“ನಾನಾ?”

“ನೀವ. ಒಗದು ಬಂದು, ಬಗ್ಗೋದು ಹೆಣ್ಣಿಗೆ ಭೂಷಣ ಅಂದ್ರಿ. ಅತ್ತಿಯವ್ರು ನಕ್ಕು ಊಟಕ್ಕ ಎದ್ರು.”

ತನ್ನ ಬಾಯಿಂದ ಅಂಥ ಮಾತು ಬಂದಿರುವುದು ಸಾಧ್ಯವೇ ಇಲ್ಲ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ಅದು ಪೂರಾ ಅವನ ಮಾತಿನ ಹಾಗೆಯೇ ಇತ್ತು. ತೂಕದ ಕಟ್ಟೆಯ ಮೇಲೆ ಲಾರಿ ನಿಂತರೆ ಎಷ್ಟು ಭಾರ ಹೊತ್ತಿದೆ ಎಂದು ಅವನು ಯಂತ್ರ ನೋಡದೆಯೂ ಹೇಳಬಲ್ಲವನಾಗಿದ್ದ, ಟೈರು ಎಷ್ಟು ಕುಸಿದಿದೆ ಎಂದು ನೋಡಿ. ಇಪ್ಪತ್ತು ವರ್ಷಗಳ ಮೇಲಾಯಿತು, ಈ ಕಟ್ಟೆಯ ಮುಂದೆ ಇವಳ ಬೆನ್ನು ಕಣ್ಣೆದುರಿಗೇ ಬಗ್ಗಿತ್ತು, ಅವನು ಊಟದ ಎಲೆಯ ಕಡೆ ನೋಡುತ್ತಿದ್ದ.

“ಅಮ್ಮ ಹೋದ ಮ್ಯಾಲಾದ್ರೂ ಹೇಳಬಹುದಿತ್ತಲ್ಲ?”

“ಹೇಳಿದ್ನಲ್ಲ. ಜಡೆಪ್ಪನ ಮನ್ಯಾಗ.”

ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಹೊಸ ಬಾಗಿಲುಗಳು ಸಣ್ಣಗೆ ನಡುಗುತ್ತಿದ್ದವು. ಶ್ರೀಪತಿ ಹಿತ್ತಲ ಬಾಗಿಲಿಗೆ ಹೋಗಿ ಕೂಗಿದ.

“ಓಬಳೇಶ, ಬಾರಪ್ಪಾ ಇಲ್ಲಿ. ಕಟ್ಟಿ ಎತ್ತರ ಮಾಡ್ಲಿಕ್ಕೆ ಆಗ್ತದೇನು?”

ಓಬಳೇಶ ಬೀಡಿ ಆರಿಸಿ ಬಂದು, ಕಟ್ಟೆ ನೋಡಿದ, ತಾನು ಇಷ್ಟು ದಿನ ಕೂತು ಮಾಡಿದ ಬಾಗಿಲುಗಳನ್ನು ನೋಡಿದ.

“ಆಗ್ತೈತ್ರಿ. ಮ್ಯಾಲಿನ ಕಲ್ಲು ಒಡೀಬೇಕು. ಡಬ್ಬೀನೂ ಬಿಚ್ಚಿ ಎತ್ತರ ಮಾಡಿ ಕಟ್ಟಬೇಕು. ಆಗ ಈ ಬಾಗ್ಲಾ ಅಳತಿಗೆ ಬರಂಗಿಲ್ರಿ. ಇದನ್ನ ಮೊದ್ಲ ಹೇಳಿದ್ರ…”

“ಆಕಿ ಮೊದ್ಲ ಹೇಳಿದ್ಲು. ನಾ ಕೇಳ್ಲಿಲ್ಲ. ಒಡಿ.”

“ಎಷ್ಟು ಎತ್ತರ ಬೇಕ್ರಿ?”

ಶ್ರೀಪತಿಗೆ ಉತ್ತರ ಹೊಳೆಯಿತು. ಜಡೆಪ್ಪನ ಮನೆಯದ್ದರಷ್ಟು ಎಂದು ಬಾಯಿ ತೆರೆದವನು ಮುಚ್ಚಿಕೊಂಡ. “ನನಗೇನು ಗೊತ್ತು? ಆಕೀನ್ನ ಕೇಳು” ಎಂದ.

ನೀರಜಾ ಓಬಳೇಶನ ಕಿವಿಯ ಮೇಲಿದ್ದ ಪೆನ್ಸಿಲ್ಲಿಗೆ ಕೈ ಚಾಚಿದಳು. ಅವನು ತೆಗೆದುಕೊಟ್ಟ. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮೊದಲು ಅಭ್ಯಾಸದಂತೆ ಸ್ವಲ್ಪ ಬಾಗಿಯೇ ನಿಂತಿದ್ದಳು. ಆಮೇಲೆ, ಹಳೆಯ ಛತ್ರಿ ಬಿಚ್ಚುವವರ ಹಾಗೆ ಒಂದೊಂದಾಗಿ ಬೆನ್ನು, ಹೆಗಲು, ಕತ್ತು ನೆಟ್ಟಗೆ ಮಾಡಿಕೊಂಡಳು. ಮೊಣಕೈ ಮಡಿಚಿ, ಅದರ ಕೆಳಗೆ ಇನ್ನೊಂದು ಕೈ ಹಾಯಿಸಿ, ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಸುಣ್ಣದ ಮೇಲೆ ಅದು ಸ್ಪಷ್ಟವಾಗಿ ಮೂಡಿತು.

“ಇಷ್ಟು” ಎಂದಳು. ಪೆನ್ಸಿಲು ವಾಪಸು ಕೊಟ್ಟಳು.

ಅವತ್ತು ಮಧ್ಯಾಹ್ನದ ಕಂಪ್ಲಿ ಬಸ್ಸಿಗೆ ಅವಳು ಹೊರಟಳು. ಕಲ್ಲು ಒಡೆಯುವ ಧೂಳಿನಲ್ಲಿ ತಾನಿದ್ದು ಏನು ಮಾಡಲಿ ಎಂದಳು. ಮಾತು ಸರಿಯೇ ಆಗಿತ್ತು. ಆದರೆ ಎರಡೂ ಚೀಲ ಮತ್ತೆ ಎತ್ತಿಕೊಂಡದ್ದಕ್ಕೆ ಅವಳು ಕಾರಣ ಹೇಳಲಿಲ್ಲ, ಅವನು ಕೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಚೀಲ ಹಿಡಿದುಕೊಂಡು ಬಂದ. ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟ. ಕೆಳಗೆ ಇಳಿದು ನಿಂತು, ಕಿಟಕಿಯ ಸರಳು ಹಿಡಿದುಕೊಂಡ. ಕಂಡಕ್ಟರು ಕಮಲಾಪುರ, ಕಂಪ್ಲಿ ಎಂದು ಕೂಗುತ್ತಿದ್ದ.

“ಕೆಲಸ ಮುಗದ ಮ್ಯಾಲೆ ಬರ್ತೀಯಲ್ಲ?” ತಿಂಗಳ ಮೇಲಿಂದ ನಾಲಿಗೆಯ ಮೇಲಿದ್ದ ಮಾತು ಕಡೆಗೆ ಹೊರಗೆ ಬಿತ್ತು.

ನೀರಜಾ ಅವನ ಮುಖ ನೋಡಿದಳು. “ಇನ್ನೊಬ್ಬರ ಕೈಲಿ ಹೇಳಿ ಕಳಸಬ್ಯಾಡ್ರಿ.”

“ಇಲ್ಲ. ನಾನೇ ಬಂದು ಕರೀತೀನಿ. ಕರದ್ರ ಬರ್ತೀಯಲ್ಲ?”

“ಕರದು ನೋಡ್ರಿ” ಎಂದಳು ಅವಳು.

ಬಸ್ಸು ಹೊರಟಿತು. ಕರೆದರೆ ಬರುತ್ತೇನೆ ಎಂದಳೋ, ಕರೆದಾದರೂ ನೋಡಿ ಎಂದಳೋ, ಶ್ರೀಪತಿಗೆ ತಿಳಿಯಲಿಲ್ಲ. ದನಿಯಿಂದ ಅರ್ಥ ಹಿಡಿಯೋಣವೆಂದರೆ ಅವಳ ದನಿಯನ್ನು ಅವನು ಇಷ್ಟು ವರ್ಷ ಅಷ್ಟು ಕಿವಿಗೊಟ್ಟು ಕೇಳಿರಲಿಲ್ಲ.

ಅವತ್ತು ಪಾಳಿಗೆ ಹೋಗಲಾರೆನೆಂದು ಹೇಳಿ ಕಳಿಸಿ ಮನೆಗೆ ಬಂದ. ಓಬಳೇಶ ನಾಳೆ ಸುತ್ತಿಗೆ, ಚಾಣ ತರುತ್ತೇನೆಂದು ಹೋಗಿಯಾಗಿತ್ತು. ಶ್ರೀಪತಿ ಅಡುಗೆಮನೆಯಲ್ಲಿ ಗೆರೆಯ ಮುಂದೆ ನಿಂತ. ಅವಳು ನಿಂತ ಹಾಗೆಯೇ ಗೋಡೆಗೆ ಬೆನ್ನು ಕೊಟ್ಟು, ಬೆನ್ನು ನೆಟ್ಟಗೆ ಮಾಡಿ, ಮೊಣಕೈ ಮಡಿಚಿದ. ಗೆರೆ ಮೇಲಿತ್ತು. ಹಿಮ್ಮಡಿ ತುಸು ಎತ್ತಿದ, ಆಗಲೂ ಮೊಣಕೈ ಗೆರೆ ಮುಟ್ಟಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ನಡೆದವಳು ತನಗಿಂತ ಎತ್ತರ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಅವನ ಕಣ್ಣೆದುರು ಪೂರಾ ನೆಟ್ಟಗೆ ನಿಂತದ್ದು ಅವತ್ತೇ ಮೊದಲಿರಬೇಕು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಕೆನೆ ಬಣ್ಣದ ಬಾಗಿಲುಗಳ ಮೇಲೆ ಬಿದ್ದಿತ್ತು. ಆಗಲೇ ಅವುಗಳ ಮೇಲೆ ತೆಳ್ಳಗೆ ಕೆಂಪು ಧೂಳು ಕೂರತೊಡಗಿತ್ತು. ಒರೆಸಬೇಕೆಂದು ಬಟ್ಟೆ ಕೈಗೆ ತೆಗೆದುಕೊಂಡ. ನಾಳೆ ಕೀಳುವುದನ್ನು ಇವತ್ತು ಒರೆಸಿ ಏನು ಎಂದು ಬಟ್ಟೆ ಕೆಳಗಿಟ್ಟ. ಮಾಡಲು ಬೇರೆ ಏನೂ ಇರಲಿಲ್ಲ. ಮತ್ತೆ ಎತ್ತಿಕೊಂಡು, ಗೆರೆಯಿದ್ದ ಗೋಡೆಗೆ ಕೈ ತಾಗದ ಹಾಗೆ ನೋಡಿಕೊಂಡು, ಒಂದೊಂದೇ ಬಾಗಿಲನ್ನು ನಿಧಾನವಾಗಿ ಒರೆಸಲು ಶುರುಮಾಡಿದ.